ಮನೆ ನೋಡುವವರು

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಗಾದೆಯ ಭಾರವೆಲ್ಲ ಕಟ್ಟುವುದರ ಮೇಲೆ, ಮಾಡುವುದರ ಮೇಲೆ ಬಿದ್ದಿದೆ. ‘ನೋಡು’ ಎಂಬ ಮಾತು ಬಾಲದಂತೆ ಹಿಂದೆ ಬಂದಿದೆ. ಆದರೆ ಕಟ್ಟುವುದು ಒಂದು ಸಲದ ಕೆಲಸ. ನೋಡುವುದು ಮನೆ ನಿಂತಿರುವ ಪರ್ಯಂತ ಮುಗಿಯದ ಕೆಲಸ. ಕಟ್ಟಿದವನು ಸಾಲ ತೀರಿಸಿ ಉಸ್ಸೆಂದು ಕೂತ ಮೇಲೂ ಮನೆ ಸುಮ್ಮನೆ ಕೂರುವುದಿಲ್ಲ. ಅದು ಬಿಸಿಲಿಗೆ ಹಿಗ್ಗುತ್ತದೆ, ಮಳೆಗೆ ನೆನೆಯುತ್ತದೆ, ನೆಲ ಜಗ್ಗಿದರೆ ತಾನೂ ಜಗ್ಗುತ್ತದೆ, ಒಳಗೊಳಗೇ ಗೆದ್ದಲಿಗೆ ಅನ್ನವಾಗುತ್ತದೆ. ಇದನ್ನೆಲ್ಲ ಕಂಡು ಹೇಳುವವರು ಯಾರು, ಅವರ ಮಾತಿಗೆ ಬೆಲೆಯೆಷ್ಟು ಎಂಬುದೇ ಈ ಪ್ರಬಂಧದ ವಿಷಯ. ಈಚೆಗೆ ಈ ಕೆಲಸಕ್ಕೆ ಯಂತ್ರವೂ ಬಂದು ಸೇರಿಕೊಂಡಿರುವುದರಿಂದ ವಿಷಯ ಸ್ವಲ್ಪ ತೊಡಕಾಗಿದೆ.

ವಾಚಕರಿಗೆ ಮೊದಲೇ ತಿಳಿಸಿಬಿಡುತ್ತೇನೆ: ನಾನು ಎಂಜಿನಿಯರನಲ್ಲ, ಚರಿತ್ರೆಯನ್ನು ಆರಿಸಿಕೊಂಡ ಬಿ.ಎ. ವಿದ್ಯಾರ್ಥಿ. ಆದರೆ ನೆಂಟರ ದೆಸೆಯಿಂದ ನನಗೆ ಮನೆಗಳ ಪರಿಚಯ ಸಾಕಷ್ಟಿದೆ. ನಮ್ಮ ಊರು ನಾಗಮಂಗಲ ತಾಲ್ಲೂಕಿನಲ್ಲಿ. ತಾಯಿಯ ತವರು ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ, ಕಿಕ್ಕೇರಿಯಿಂದ ಆಚೆಗೆ. ಸೋದರತ್ತೆಯನ್ನು ಕೊಟ್ಟಿರುವುದು ಪಾಂಡವಪುರದ ಕಡೆಗೆ. ಈಗ ಓದಿಗಾಗಿ ನಾನಿರುವುದು ಶ್ರೀರಂಗಪಟ್ಟಣದಲ್ಲಿ, ಚಿಕ್ಕಪ್ಪನವರ ಮನೆಯಲ್ಲಿ. ಹೀಗಾಗಿ ಮಣ್ಣಿನ ಗೋಡೆ, ಕಲ್ಲುಗೋಡೆ, ಇಟ್ಟಿಗೆ ಗೋಡೆ, ಸಿಮೆಂಟು ಗೋಡೆ ಈ ನಾಲ್ಕಕ್ಕೂ ಒರಗಿ ಕುಳಿತು ಓದಿದವನು ನಾನು. ಪರೀಕ್ಷೆಯ ಫಲಿತಾಂಶದಲ್ಲಿ ಅದರಿಂದ ವ್ಯತ್ಯಾಸವೇನೂ ಆಗಲಿಲ್ಲ.

ನಮ್ಮ ಸೀಮೆಯಲ್ಲಿ ಮನೆ ನೋಡುವವರಿಗೆ ಎಂದೂ ಬರವಿಲ್ಲ. ಹೆಣ್ಣು ಕೊಡುವವರು ಗಂಡಿನ ಮನೆ ನೋಡಲು ಬರುತ್ತಾರಷ್ಟೆ. ಗಂಡಸರು ಪಡಸಾಲೆಯಲ್ಲಿ ಕುಳಿತು ಗದ್ದೆ ಎಷ್ಟು, ಹೊಲ ಎಷ್ಟು, ಬೋರಿನಲ್ಲಿ ನೀರೆಷ್ಟು ಎಂದು ವಿಚಾರಿಸುತ್ತಿರುವಾಗ ಜೊತೆಯಲ್ಲಿ ಬಂದ ಹಿರಿಯ ಹೆಂಗಸು ನೀರು ಕುಡಿಯುವ ನೆಪದಲ್ಲಿ ನೇರವಾಗಿ ಅಡಿಗೆಮನೆಗೆ ನಡೆಯುತ್ತಾಳೆ. ಅಲ್ಲಿ ಆಕೆ ನೋಡುವುದು ಪಾತ್ರೆಗಳನ್ನಲ್ಲ. ತಲೆಯೆತ್ತಿ ಮಾಡನ್ನು ನೋಡುತ್ತಾಳೆ. ಮಸಿ ಹಿಡಿದ ಜಂತೆಯ ಮೇಲೆ ನೀರು ಇಳಿದ ಗೆರೆ ಇದೆಯೆ ಎಂದು ಹುಡುಕುತ್ತಾಳೆ. ಇದ್ದರೆ ಮಳೆಗಾಲದಲ್ಲಿ ಮಗಳು ಒಲೆ ಹೊತ್ತಿಸುವುದು ಹೇಗೆಂದು ಅವಳ ಲೆಕ್ಕ. ಇಂಥ ಪರೀಕ್ಷಕಿಗೆ ಯಾವ ವಿಶ್ವವಿದ್ಯಾನಿಲಯವೂ ಪದವಿ ಕೊಟ್ಟಿಲ್ಲ.

ಇನ್ನು ಗಾರೆ ಕೆಲಸದವರು. ಅವರ ಆಯುಧಗಳು ತೂಗುಗುಂಡು, ರಸಮಟ್ಟ, ಮೂಲೆಮಟ್ಟ. ಇವುಗಳಿಗಿಂತ ಹೆಚ್ಚಾಗಿ ಅವರು ನಂಬುವುದು ಬೆರಳಿನ ಗೆಣ್ಣನ್ನು. ಗೋಡೆಯನ್ನು ತಟ್ಟಿ, ಕಿವಿಗೊಟ್ಟು, “ಇಲ್ಲಿ ಗಾರೆ ಬಿಟ್ಕೊಂಡಿದೆ” ಎನ್ನುತ್ತಾರೆ. ನಾಗಮಂಗಲ ಹಿತ್ತಾಳೆ ಕೆಲಸಕ್ಕೆ ಹೆಸರಾದ ಊರು. ಅಲ್ಲಿಯ ಪೇಟೆಯಲ್ಲಿ ಬಿಂದಿಗೆ ಕೊಳ್ಳುವಾಗ ನಮ್ಮ ತಂದೆಯವರು ಹೀಗೆಯೇ ತಟ್ಟಿ ನೋಡುತ್ತಿದ್ದುದನ್ನು ಕಂಡಿದ್ದೇನೆ. ಸೀಳು ಬಿಟ್ಟ ಪಾತ್ರೆ ತನ್ನ ದೋಷವನ್ನು ತಾನೇ ಒಪ್ಪಿಕೊಳ್ಳುತ್ತದೆ. ಗೋಡೆಯೂ ಹಾಗೆಯೇ. ಒಳಗೆ ಟೊಳ್ಳಾದ ಕಡೆ ಅದರ ದನಿ ಬೇರೆ. ಬಡಗಿ ಬಂದರೆ ತೊಲೆಯ ತುದಿಗೆ ಉಳಿಯ ಮೊನೆಯನ್ನು ಚುಚ್ಚುತ್ತಾನೆ. ಅದು ಸಲೀಸಾಗಿ ಒಳಕ್ಕಿಳಿದರೆ ಅವನು ಮಾತನ್ನೇ ಆಡುವುದಿಲ್ಲ, ಮುಖವನ್ನು ಮಾತ್ರ ನೋಡುತ್ತಾನೆ.

ಇವರ ಸಾಲಿಗೆ ಈಗ ಹೊಸಬನೊಬ್ಬ ಬಂದಿದ್ದಾನೆ. ಅವನ ಹೆಸರು ಕೃತಕ ಬುದ್ಧಿಮತ್ತೆ. ಅಮೆರಿಕದಂಥ ದೇಶಗಳಲ್ಲಿ ಮನೆ ಕೊಳ್ಳುವವರು ಹಣ ಕೊಡುವುದಕ್ಕೆ ಮೊದಲು ಪರೀಕ್ಷಕನನ್ನು ಕರೆದು ಮನೆಯನ್ನು ತೋರಿಸಿ ವರದಿ ಪಡೆಯುವುದು ವಾಡಿಕೆ. ಆ ಪದ್ಧತಿ ಬೆಂಗಳೂರಿಗೂ ಬಂದಿದೆ. ಹೊಸ ಫ್ಲಾಟಿನ ಬೀಗದ ಕೈಯನ್ನು ತೆಗೆದುಕೊಳ್ಳುವ ಮುನ್ನ ಅದನ್ನು ಪರೀಕ್ಷಿಸಿಕೊಡುವ ಕಂಪನಿಗಳು ಅಲ್ಲಿವೆ. ಪರೀಕ್ಷಕನು ಗೋಡೆಯ ಫೋಟೋ ತೆಗೆದರೆ, ಬಿರುಕು ಎಲ್ಲಿದೆ, ತೇವ ಎಲ್ಲಿದೆ ಎಂದು ಯಂತ್ರ ಗುರುತು ಹಾಕಿ ವರದಿಯನ್ನು ಬರೆದುಕೊಡುತ್ತದೆ.

ಯಂತ್ರಕ್ಕೆ ಈ ವಿದ್ಯೆ ಬಂದದ್ದು ಹೇಗೆ? ಮಗುವಿಗೆ ‘ಇದು ಕಾಗೆ, ಇದು ಕೋಗಿಲೆ’ ಎಂದು ತೋರಿಸುವಂತೆ ಅದಕ್ಕೂ ಸಾವಿರಗಟ್ಟಲೆ ಚಿತ್ರಗಳನ್ನು ತೋರಿಸಿ, ಇದು ಬಿರುಕು, ಇದಲ್ಲ ಎಂದು ಹೇಳಿಕೊಡುತ್ತಾರೆ. ಅಮೆರಿಕದ ಯೂಟಾ ಸ್ಟೇಟ್ ವಿಶ್ವವಿದ್ಯಾನಿಲಯದವರು ೨೦೧೮ರಲ್ಲಿ ಇಂಥ ಒಂದು ಚಿತ್ರಸಂಗ್ರಹವನ್ನು ಎಲ್ಲರಿಗೂ ಸಿಕ್ಕುವಂತೆ ಹೊರತಂದರು. ಅದರಲ್ಲಿ ೫೬,೦೦೦ಕ್ಕೂ ಹೆಚ್ಚು ಚಿತ್ರಗಳಿವೆ, ೦.೦೬ ಮಿಲಿಮೀಟರಿನಷ್ಟು ಸಣ್ಣ ಬಿರುಕಿನಿಂದ ಹಿಡಿದು ೨೫ ಮಿಲಿಮೀಟರಿನ ಬಿರುಕಿನವರೆಗೆ ಇವೆ. ಇಷ್ಟನ್ನೂ ಬೇಸರವಿಲ್ಲದೆ ನೋಡುವ ಶಿಷ್ಯ ಯಂತ್ರವಲ್ಲದೆ ಇನ್ನಾರು? ಆದರೆ ಒಂದು ಮಾತನ್ನು ನಾವು ಗಮನಿಸಬೇಕು. ಆ ಚಿತ್ರಗಳೆಲ್ಲ ಸೇತುವೆ, ಗೋಡೆ, ನಡೆದಾಡುವ ಹಾದಿಗಳವು, ಎಲ್ಲವೂ ಕಾಂಕ್ರೀಟಿನವು. ಅವುಗಳಲ್ಲಿ ನಾಗಮಂಗಲದ ಕೆಮ್ಮಣ್ಣಿನ ಗೋಡೆಯಿಲ್ಲ. ಸಗಣಿ ಸಾರಿಸಿ ಸುಣ್ಣ ಬಳಿದ ಜಗಲಿಯಿಲ್ಲ. ಯಾವ ಪಾಠವನ್ನು ಓದಿದ್ದೇವೆಯೋ ಆ ಪಾಠದ ಪ್ರಶ್ನೆಗೆ ಮಾತ್ರ ಚೆನ್ನಾಗಿ ಉತ್ತರ ಬರೆಯುವ ನಮ್ಮಂಥ ವಿದ್ಯಾರ್ಥಿಗಳಿಗೆ ಇದರ ಮರ್ಮ ಬೇಗನೆ ತಿಳಿಯುತ್ತದೆ.

ಸರ್ಕಾರವೂ ಮನೆಗಳನ್ನು ಯಂತ್ರದ ಕಣ್ಣಿನಿಂದ ನೋಡತೊಡಗಿದೆ. ವಸತಿ ಯೋಜನೆಯಲ್ಲಿ ಮನೆ ಕಟ್ಟಿಕೊಂಡವರೆಲ್ಲರಿಗೂ ಗೊತ್ತು: ತಳಪಾಯ, ಗೋಡೆ, ಚಾವಣಿ ಎಂದು ಒಂದೊಂದು ಹಂತದಲ್ಲಿಯೂ ಜಾಗದ ಗುರುತಿನೊಡನೆ ಫೋಟೋ ಹೋದರೆ ಮಾತ್ರ ಮುಂದಿನ ಕಂತಿನ ಹಣ. ೨೦೨೦ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನುಗಳು ಹಳ್ಳಿಗಳ ಮೇಲೆ ಹಾರಿ ಮನೆಮನೆಯ ಎಲ್ಲೆಯನ್ನು ಚಿತ್ರಿಸಿದವು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಆ ಚಿತ್ರಗಳನ್ನು ನೋಡಿ ಮನೆಯ ಮಾಡು ಆರ್‌ಸಿಸಿಯೋ, ಹೆಂಚೋ, ತಗಡೋ, ಇತರೆಯೋ ಎಂದು ತಾನೇ ವಿಂಗಡಿಸುವ ಯಂತ್ರಬುದ್ಧಿಯನ್ನು ತಯಾರಿಸಿ ಎಂದು ಕೇಂದ್ರದ ಪಂಚಾಯತಿ ರಾಜ್ ಸಚಿವಾಲಯ ೨೦೨೪ರ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ಸ್ಪರ್ಧೆಯಲ್ಲಿ ವಿದ್ಯಾರ್ಥಿಗಳ ಮುಂದೆ ಸಮಸ್ಯೆಯಿಟ್ಟಿತು. ಆಕಾಶದಿಂದ ನೋಡಿದರೆ ನಮ್ಮ ಮನೆಗಳು ಈ ನಾಲ್ಕು ಜಾತಿಗೆ ಸೇರಿದವು. ಅರ್ಧ ಹೆಂಚು, ಕಾಲು ತಗಡು, ಉಳಿದದ್ದಕ್ಕೆ ಪ್ಲಾಸ್ಟಿಕ್ ಹೊದಿಸಿದ ಮನೆಯನ್ನು ಯಾವ ಜಾತಿಗೆ ಸೇರಿಸುತ್ತದೆಯೋ ನೋಡಬೇಕು.

ಕಟ್ಟಡದ ಬಲವನ್ನು ಹೊರಗಿನಿಂದ ನೋಡಿ ಹೇಳುವುದು ಎಷ್ಟು ಕಷ್ಟವೆಂಬುದಕ್ಕೆ ಶ್ರೀರಂಗಪಟ್ಟಣದಲ್ಲಿಯೇ ಒಂದು ಹಳೆಯ ಕಥೆಯುಂಟು. ೧೮೦೮ರ ಸುಮಾರಿಗೆ ಡಿ ಹ್ಯಾವಿಲ್ಯಾಂಡ್ ಎಂಬ ಇಂಗ್ಲಿಷ್ ಸೇನಾ ಎಂಜಿನಿಯರು ಇಲ್ಲಿದ್ದ. ಕಾವೇರಿಗೆ ಬಹಳ ಅಗಲದ ಕಮಾನುಗಳುಳ್ಳ ಸೇತುವೆಯನ್ನು ಕಟ್ಟಬಹುದೆಂದು ಅವನ ವಾದ. ಅಂಥ ಕಮಾನು ನಿಲ್ಲದೆಂದು ಮೇಲಿನವರ ಮತ. ವಾದ ಮಾಡಿ ಫಲವಿಲ್ಲವೆಂದು ಅವನು ತನ್ನ ತೋಟದಲ್ಲಿಯೇ ಸುಮಾರು ೧೧೦ ಅಡಿ ಅಗಲದ ಇಟ್ಟಿಗೆಯ ಕಮಾನೊಂದನ್ನು ಕಟ್ಟಿ ತೋರಿಸಿದ. ಜನ ಅದರ ಮೇಲೆ ಹತ್ತಿ ಕುಣಿದರೆ ಕಮಾನು ನಡುಗುತ್ತಿತ್ತಂತೆ. ನೋಡಿದವರೆಲ್ಲ ಇಂದೋ ನಾಳೆಯೋ ಬೀಳುತ್ತದೆ ಎಂದುಕೊಂಡಿರಬೇಕು. ಅದು ೧೯೩೦ರ ದಶಕದವರೆಗೂ, ಎಂದರೆ ನೂರಿಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ, ನಡುಗುತ್ತಲೇ ನಿಂತಿತ್ತು. ನಡುಗುವುದೆಲ್ಲ ಬೀಳುವುದಿಲ್ಲ.

ಅದೇ ಊರಿನಲ್ಲಿ ಇದಕ್ಕೆ ಬೇರೆ ಬಗೆಯ ಉದಾಹರಣೆಯನ್ನು ನಮ್ಮ ಕಾಲದವರೇ ಕಂಡೆವು. ಬೆಂಗಳೂರು-ಮೈಸೂರು ರೈಲು ಹಾದಿಯನ್ನು ಜೋಡಿ ಮಾಡುವಾಗ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದು ಅಡ್ಡ ಬಂತು. ಅದನ್ನು ಕೆಡವಲಿಲ್ಲ. ಸುಮಾರು ಸಾವಿರ ಟನ್ ಭಾರದ ಆ ಇಟ್ಟಿಗೆ ಗಾರೆಯ ಕಟ್ಟಡವನ್ನು ಇಡಿಯಾಗಿ ಎತ್ತಿ, ನೂರು ಮೀಟರಿಗೂ ಆಚೆ ೨೦೧೭ರ ಮಾರ್ಚಿಯಲ್ಲಿ ಸಾಗಿಸಿದರು. ಹಾಗೆ ಎತ್ತಬೇಕಾದರೆ ಅದರ ಭಾರ ಎಲ್ಲಿ ಕೂತಿದೆ, ಯಾವ ಮೂಲೆ ಬಲ, ಯಾವ ಮೂಲೆ ದುರ್ಬಲ ಎಂದು ಗೇಣುಗೇಣಾಗಿ ತಿಳಿಯಬೇಕು. ರಾಜರ ಕಟ್ಟಡಕ್ಕೆ ಇಷ್ಟು ಆದರ ದೊರೆಯಿತು. ಸಂತೋಷವೇ. ಬಡವರ ಗೋಡೆಗೂ ಅದರ ನೂರನೆಯ ಒಂದು ಪಾಲು ದೊರೆತರೆ ಸಾಕೆಂದು ನನ್ನ ಆಸೆ.

ಶ್ರೀರಂಗಪಟ್ಟಣದಿಂದ ಪಾಂಡವಪುರ ದೂರವಲ್ಲ. ಸೋದರತ್ತೆಯ ಮನೆಗೆ ಹೋದಾಗಲೆಲ್ಲ ಅಲ್ಲಿ ಬೇಬಿಬೆಟ್ಟದ ಕಲ್ಲುಗಣಿಯ ಮಾತು ಬರುತ್ತಿತ್ತು. ಬಂಡೆ ಸಿಡಿಸಿದಾಗ ಗೋಡೆ ಅದಿರುತ್ತದೆ, ಬಿರುಕು ಬಿಡುತ್ತದೆ ಎಂದು ಸುತ್ತಿನ ಜನರ ದೂರು. ೨೦೧೮ರ ಸೆಪ್ಟೆಂಬರಿನಲ್ಲಿ ಕನ್ನಂಬಾಡಿ ಕಟ್ಟೆಯ ಸುತ್ತ ಕೇಳಿಸಿದ ಭಾರಿ ಶಬ್ದ ರಾಜ್ಯಕ್ಕೆಲ್ಲ ಸುದ್ದಿಯಾಯಿತು. ೨೦೨೪ರ ಜನವರಿಯಲ್ಲಿ ಹೈಕೋರ್ಟು ಕಟ್ಟೆಯಿಂದ ೨೦ ಕಿಲೋಮೀಟರಿನೊಳಗೆ ಗಣಿಗಾರಿಕೆಯನ್ನು ತಡೆಯಿತು. ಸುರ್ಕಿ ಗಾರೆಯಿಂದ ಕಟ್ಟಿದ ಆ ದೊಡ್ಡ ಕಟ್ಟೆಯ ಕ್ಷೇಮ ನಾಡಿಗೆಲ್ಲ ಸೇರಿದ್ದು. ಅದಕ್ಕಾಗಿ ನ್ಯಾಯಾಲಯವೂ ಎಚ್ಚರವಾಗಿರುವುದು ಸರಿಯೇ. ಆದರೆ ಅತ್ತೆಯ ಮನೆಯ ನಡುಗೋಡೆಯ ಬಿರುಕಿನ ವ್ಯಾಜ್ಯ ಮಾತ್ರ ಬಗೆಹರಿಯಲಿಲ್ಲ. ಸಿಡಿತದಿಂದ ಬಿಟ್ಟದ್ದು ಎಂದು ಅತ್ತೆ. ಕಟ್ಟುವಾಗಲೇ ಕೆಲಸ ಕೆಟ್ಟಿತ್ತು ಎಂದು ಎದುರು ಪಕ್ಷದವರು. ಬಿರುಕು ಎರಡು ಕಡೆಯವರನ್ನೂ ಕೇಳುತ್ತಾ ಮೌನವಾಗಿತ್ತು.

ಇಂಥ ಕಡೆಯಲ್ಲಿಯೇ ಯಂತ್ರದ ನಿಜವಾದ ಉಪಕಾರವಿದೆಯೆಂದು ನನಗೆ ತೋರುತ್ತದೆ. ಬಿರುಕು ಇದೆ ಎಂದು ಹೇಳುವುದಕ್ಕೆ ಯಂತ್ರ ಬೇಡ. ನಮ್ಮ ಅತ್ತೆಯೇ ಸಾಕು. ಬಿರುಕು ಕಳೆದ ಯುಗಾದಿಗೆ ಎಷ್ಟಿತ್ತು, ಈ ಯುಗಾದಿಗೆ ಎಷ್ಟಾಯಿತು ಎಂಬುದನ್ನು ಮಾತ್ರ ಮನುಷ್ಯನ ಕಣ್ಣು ಜ್ಞಾಪಕದಲ್ಲಿಟ್ಟುಕೊಳ್ಳಲಾರದು. ಹಳೆಯ ಎಂಜಿನಿಯರುಗಳು ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿಯನ್ನು ಗಾರೆಯಿಂದ ಅಂಟಿಸಿ ತಾರೀಖು ಬರೆಯುತ್ತಿದ್ದರು. ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ ಎಂದು ಅರ್ಥ. ಫೋಟೋ ತೆಗೆದು ಹೋಲಿಸುವ ಯಂತ್ರ ಮಾಡುವುದೂ ಇದನ್ನೇ, ಇನ್ನೂ ನಯವಾಗಿ. ಸಾಮಾನ್ಯವಾಗಿ ೫ ಮಿಲಿಮೀಟರಿಗಿಂತ ಕಿರಿದಾದ ಬಿರುಕು ನೋಟಕ್ಕೆ ಕೆಡುಕೇ ಹೊರತು ಗೋಡೆಯ ಬಲಕ್ಕಲ್ಲ, ೧೫ ಮಿಲಿಮೀಟರ್ ದಾಟಿದರೆ ಹೆದರಬೇಕು ಎಂದು ಇಟ್ಟಿಗೆ ಮನೆಗಳ ವಿಷಯದಲ್ಲಿ ಎಂಜಿನಿಯರುಗಳ ಲೆಕ್ಕವುಂಟು. ಆದರೆ ಚಲಿಸುವ ಮೂರು ಮಿಲಿಮೀಟರು ನಿಂತಿರುವ ಹತ್ತು ಮಿಲಿಮೀಟರಿಗಿಂತ ಕೆಟ್ಟದ್ದು. ಅತ್ತೆಯ ಮನೆಯ ಗೋಡೆಗೆ ಹತ್ತು ವರ್ಷದ ಹಿಂದಿನ ಒಂದು ಫೋಟೋ ಇದ್ದಿದ್ದರೆ ವಾದ ಅರ್ಧಕ್ಕರ್ಧ ಮುಗಿಯುತ್ತಿತ್ತು. ಇದ್ದದ್ದು ಮದುವೆಯ ಫೋಟೋ ಒಂದೇ. ಅದರಲ್ಲಿ ಗೋಡೆಗೆ ಸೀರೆಯ ಪರದೆ ಕಟ್ಟಿದ್ದರು.

ಈಗ ಕೃಷ್ಣರಾಜಪೇಟೆಯ ಮಾತಿಗೆ ಬರುತ್ತೇನೆ. ಈ ಪ್ರಬಂಧವನ್ನು ಬರೆಯುವಂತೆ ಮಾಡಿದ್ದೇ ಅದು.

ಅಜ್ಜಿಯ ಮನೆ ಮಣ್ಣಿನ ಗೋಡೆಯ, ಮಂಗಳೂರು ಹೆಂಚಿನ ಹಳೆಯ ಮನೆ. ೨೦೨೨ರ ಮಳೆ ನಮ್ಮ ಜಿಲ್ಲೆಯವರಿಗೆ ಮರೆಯುವಂಥದ್ದಲ್ಲ. ಕೆರೆಗಳು ತುಂಬಿ ಕೋಡಿ ಹರಿದವು. ಒಂದು ರಾತ್ರಿ ಅಜ್ಜಿಯ ಮನೆಯ ಹಿಂಬದಿಯ ಗೋಡೆ ಹಿತ್ತಲಿಗೆ ಮಗುಚಿಕೊಂಡಿತು. ದೇವರ ದಯೆ, ಆ ಕಡೆ ಯಾರೂ ಮಲಗಿರಲಿಲ್ಲ. ಮಳೆಯಿಂದ ಬಿದ್ದ ಮನೆಗಳಿಗೆ ಆಗ ರಾಜ್ಯದಲ್ಲಿ ಪರಿಹಾರದ ಕ್ರಮವೊಂದಿತ್ತು. ಶೇಕಡ ೭೫ಕ್ಕಿಂತ ಹೆಚ್ಚು ಹಾಳಾಗಿದ್ದರೆ ‘ಎ’ ವರ್ಗ. ೨೫ರಿಂದ ೭೫ರವರೆಗೆ ‘ಬಿ’. ೧೫ರಿಂದ ೨೫ರವರೆಗೆ ‘ಸಿ’. ‘ಎ’ ವರ್ಗಕ್ಕೆ ೫ ಲಕ್ಷ ರೂಪಾಯಿ, ‘ಸಿ’ ವರ್ಗಕ್ಕೆ ೫೦ ಸಾವಿರ. ‘ಸಿ’ಗೂ ‘ಬಿ’ಗೂ ನಡುವಿನ ಗೆರೆ ಕಾಗದದ ಮೇಲೆ ಕೂದಲೆಳೆಯಷ್ಟು, ಮನೆಯವರಿಗೆ ಅದು ಲಕ್ಷಗಳ ಕಂದಕ.

ಪರೀಕ್ಷೆಗೆ ಬಂದವರು ಯಾರು, ಎಲ್ಲಿಯವರು ಎಂದು ಇಲ್ಲಿ ಹೇಳುವುದು ಬೇಡ. ಅವರಿಗೂ ಆ ದಿನ ನೋಡಬೇಕಾದ ಮನೆಗಳು ಹತ್ತಾರು. ಪಂಚೆ ಮೇಲೆ ಕಟ್ಟಿ ಕೆಸರಿನಲ್ಲಿ ನಡೆದು ಬಂದಿದ್ದರು. ಬಿದ್ದ ಗೋಡೆಯನ್ನು ನೋಡಿದರು. ನಿಂತ ಮೂರು ಗೋಡೆಗಳನ್ನು ನೋಡಿದರು. ನಾಲ್ಕರಲ್ಲಿ ಒಂದು ಬಿದ್ದರೆ ಶೇಕಡ ೨೫. ಅದೂ ಪೂರ್ತಿ ಬಿದ್ದಿಲ್ಲ, ಮೊಣಕಾಲೆತ್ತರ ಉಳಿದಿದೆ. ಆದ್ದರಿಂದ ೨೫ಕ್ಕೆ ಒಂದೆರಡು ಕಡಿಮೆ. ‘ಸಿ’ ಎಂದು ಬರೆದುಕೊಂಡು ಸೋದರಮಾವನ ಸಹಿ ಹಾಕಿಸಿಕೊಂಡು ಹೋದರು. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಗೋಡೆ ಎಂಬುದು ಲೆಕ್ಕವಲ್ಲ. ಮಣ್ಣಿನ ಗೋಡೆ ನೆನೆದಾಗ ಬೀಳುವುದಕ್ಕಿಂತ ಒಣಗುವಾಗ ಸಿಡಿಯುವುದು ಹೆಚ್ಚು ಎಂದು ನಮ್ಮ ಕಡೆಯ ಮುದುಕರೆಲ್ಲ ಬಲ್ಲರು. ಬಂದ ಹಣಕ್ಕೆ ಇನ್ನಷ್ಟು ಸೇರಿಸಿ ಮಾವ ಸಿಮೆಂಟಿನ ಇಟ್ಟಿಗೆಯಲ್ಲಿ ಹಿಂಗೋಡೆ ಎಬ್ಬಿಸಿದರು. ಮುಂದಿನ ಬೇಸಿಗೆಗೆ ಹೊಸ ಗೋಡೆಗೂ ಹಳೆಯ ಗೋಡೆಗೂ ನಡುವಿನ ಮೂಲೆ ಬಾಯಿ ತೆರೆಯಿತು. ಕೆಳಗೆ ಬೆರಳು ತೂರದಷ್ಟು. ಮೇಲೆ ಕೈ ತೂರುವಷ್ಟು.

ಮಾವ ಹೆದರಿದರು. ಇಡೀ ಮನೆಯನ್ನು ಕೆಡವಿ ಆರ್‌ಸಿಸಿ ಹಾಕಿಸುವುದೇ ದಾರಿ ಎಂದು ನಾಲ್ಕು ಜನ ಹೇಳಿದರು. ಅದಕ್ಕೆ ಹಣವೆಲ್ಲಿಂದ? ಕಾಲುವೆಯ ಕೆಳಗಿನ ಹತ್ತು ಗುಂಟೆ ಗದ್ದೆಯೊಂದೇ ಮಾರುವಂಥ ಆಸ್ತಿ. ಕೊಳ್ಳುವವರೂ ಬಂದು ನೋಡಿ ಹೋದರು. ಅಜ್ಜಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಮಾವನ ಹಿರಿಯ ಮಗ, ನನಗೆ ಭಾವನಾಗಬೇಕು, ಬೆಂಗಳೂರಿನಲ್ಲಿ ನಾನು ಮೇಲೆ ಹೇಳಿದಂಥ ಮನೆ ಪರೀಕ್ಷೆಯ ಕೆಲಸದಲ್ಲಿದ್ದಾನೆ. “ಮಾರುವುದು ಆಮೇಲಾಗಲಿ, ಮೊದಲು ನೋಡೋಣ” ಎಂದು ೨೦೨೪ರ ಬೇಸಿಗೆಯಲ್ಲಿ ಉಪಕರಣಗಳನ್ನು ತಂದ. ನಾನೂ ಜೊತೆಯಲ್ಲಿದ್ದೆ. ಒಂದು ಫೋನು; ಗೋಡೆಯ ಶಾಖವನ್ನು ಬಣ್ಣಬಣ್ಣವಾಗಿ ತೋರಿಸುವ ಒಂದು ಕ್ಯಾಮರಾ; ತೇವ ಅಳೆಯುವ ಎರಡು ಮುಳ್ಳಿನ ಸಣ್ಣ ಯಂತ್ರ. ಬೀದಿಯ ಮಕ್ಕಳೆಲ್ಲ ಬಾಗಿಲಲ್ಲಿ ನೆರೆದರು.

ಯಂತ್ರ ಮೊದಲು ನಮ್ಮನ್ನು ನಗಿಸಿತು. ಗೋಡೆಯ ಮೇಲೆ ಹಾದುಹೋಗಿದ್ದ ದೀಪದ ತಂತಿಯನ್ನು ಬಿರುಕು ಎಂದಿತು. ಅಜ್ಜಿ ಸುಣ್ಣದಲ್ಲಿ ಎಳೆದಿದ್ದ ಹಸೆಯ ಗೆರೆಗಳಲ್ಲಿ ಎರಡನ್ನು ಆರಿಸಿ ಕೆಂಪು ಗುರುತು ಹಾಕಿತು. ಮಣ್ಣು ಒಣಗಿದಾಗ ಮೇಲ್ಮೈಯಲ್ಲಿ ಮೂಡುವ ಜೇಡನ ಬಲೆಯಂಥ ಸಣ್ಣ ಸೀಳುಗಳನ್ನೆಲ್ಲ ಎಣಿಸಿ, ಈ ಗೋಡೆಗೆ ಬಹಳ ಅಪಾಯವೆಂದು ಎಚ್ಚರಿಸಿತು. ಆ ಗೋಡೆಯೇ ಮನೆಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದುದು. ಆಮೇಲೆ ಶಾಖದ ಕ್ಯಾಮರಾವನ್ನು ಹಿಡಿದಾಗ ನಗು ನಿಂತಿತು. ನೀರು ಆರುವಾಗ ಗೋಡೆ ತಣ್ಣಗಾಗುತ್ತದಷ್ಟೆ. ಆ ತಂಪು ಕ್ಯಾಮರಾದಲ್ಲಿ ನೀಲಿಯಾಗಿ ಕಾಣುತ್ತದೆ. ರಾಗಿಯ ವಾಡೆಗಳ ಹಿಂದೆ, ಕಣ್ಣಿಗೆ ಒಣಗಿದಂತೆಯೇ ಕಾಣುತ್ತಿದ್ದ ಆ ಮೂಲೆಯ ಬುಡ, ಸುಡುಬೇಸಿಗೆಯಲ್ಲಿಯೂ ನೀಲಿಯಾಗಿತ್ತು. ಅದನ್ನು ಆವರೆಗೆ ಯಾರೂ ಕಂಡಿರಲಿಲ್ಲ. ತೇವದ ಯಂತ್ರವೂ ಹೌದೆಂದಿತು. ಯಂತ್ರಕ್ಕೆ ಸಲ್ಲಬೇಕಾದ ಕೀರ್ತಿಯನ್ನು ಸಲ್ಲಿಸಲೇಬೇಕು.

“ನೆಲದಿಂದ ನೀರು ಏರ್ತಿದೆ. ಆದರೆ ಈ ಮೂಲೆಯಲ್ಲೇ ಯಾಕೆ?” ಎಂದು ಭಾವ ತಲೆ ಕೆರೆದುಕೊಂಡ. ಯಂತ್ರಕ್ಕೆ ‘ಯಾಕೆ’ ಎಂಬ ಪಾಠವನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿ ಅಲ್ಲಿಂದಲೇ ಹೇಳಿದಳು: “ಅಲ್ಲಿ ಹಗೇವಿತ್ತಲ್ಲ ಮಗ.”

ಹಗೇವೆಂದರೆ ರಾಗಿಯನ್ನು ತುಂಬಿಡುತ್ತಿದ್ದ ನೆಲದೊಳಗಿನ ಕಣಜ; ಬಾಯಿ ಕಿರಿದು, ಒಳಗೆ ಆಳಾಗಿ ಅಗಲ. ನಾವೆಲ್ಲ ಅಜ್ಜಿಯ ಸುತ್ತ ಕೂತೆವು. “ನಿಮ್ತಾತ ಅವರಣ್ಣನ ಜೊತೆ ಪಾಲಾದಾಗ ಈ ಕಡೆಗೆ ಜಾಗ ಸಾಲ್ದು ಅಂತ ಹಗೇವ ಮುಚ್ಚಿ ಅದರ ಮ್ಯಾಲೇ ಗ್ವಾಡೆ ಎಳ್ಸುದ್ರು. ಮುಚ್ಚೋಕೆ ಹಾಕಿದ್ದೇನು, ಹೊಟ್ಟು, ಬೂದಿ, ಸಡಲ ಮಣ್ಣು. ನಿಮ್ಮಾವ ಆಗ ಇನ್ನೂ ತೊಟ್ಲಲ್ಲಿದ್ದ.”

“ಮತ್ತೆ ಇಷ್ಟು ದಿನ ಯಾಕಜ್ಜಿ ಹೇಳಲಿಲ್ಲ?” ಎಂದೆ.

“ಯಾರು ಕೇಳುದ್ರು ಮಗ? ಅವತ್ತು ಬಂದೋರು ಗ್ವಾಡೆ ನೋಡುದ್ರು, ಹೋದ್ರು. ಇವತ್ತು ನೀವು ಗ್ವಾಡೆಗೆ ಫೋನು ಹಿಡುದ್ರಿ. ಮಳೆಗೆ ಬಿತ್ತು ಅಂತ ಎಲ್ರೂ ಅಂದ್ರು, ಅಷ್ಟು ದೊಡ್ಡ ಮಳೆ ಕಣ್ಮುಂದೆ ಇರುವಾಗ ನಾನ್ಯಾಕೆ ಹಗೇವಿನ ಮಾತೆತ್ಲಿ?”

ಮರುದಿನ ಮೂಲೆಯನ್ನು ಅಗೆಸಿದರು. ಮೂರಡಿ ಹೋಗುವುದರೊಳಗೆ ಹಾರೆ ತಾನಾಗಿಯೇ ಇಳಿಯಿತು. ಹಿತ್ತಲಿನ ನೀರೆಲ್ಲ ಆ ಸಡಿಲ ಮಣ್ಣಿಗೆ ಹರಿದು ನಿಲ್ಲುತ್ತಿತ್ತು. ಗೋಡೆಯ ಬುಡ ವರ್ಷವರ್ಷವೂ ಕುಸಿಯುತ್ತಿತ್ತು. ಗಾರೆ ಕೆಲಸದವರು ಮಾಡಿಗೆ ಊರೆ ಕೊಟ್ಟು, ಹಗೇವನ್ನು ಬರಿದು ಮಾಡಿ, ದಪ್ಪ ಕಲ್ಲು ಮತ್ತು ಕಾಂಕ್ರೀಟು ತುಂಬಿ ತಳಪಾಯವನ್ನು ಸೇರಿಸಿದರು. ಹಿತ್ತಲಿನ ನೀರಿಗೆ ಬೇರೆ ದಾರಿ ತೆಗೆದರು. ಸಾಲವಾಯಿತು, ಆದರೆ ಗದ್ದೆ ಉಳಿಯಿತು. ಅಲ್ಲಿಂದ ಈಚೆಗೆ ಮೂಲೆ ಬಾಯಿ ಬಿಟ್ಟಿಲ್ಲ. ಭಾವ ತಿಂಗಳಿಗೊಮ್ಮೆ ಫೋಟೋ ತರಿಸಿಕೊಂಡು ಯಂತ್ರದಲ್ಲಿ ಹೋಲಿಸಿ ನೋಡುತ್ತಾನೆ.

ಈ ಕಥೆಯಿಂದ ಯಂತ್ರ ಸೋತಿತು, ಅಜ್ಜಿ ಗೆದ್ದಳು ಎಂದು ಹೇಳುವುದು ನನ್ನ ಉದ್ದೇಶವಲ್ಲ. ನೀಲಿ ಬಣ್ಣ ಕಾಣದಿದ್ದರೆ ಭಾವ ಆ ಪ್ರಶ್ನೆಯನ್ನು ಕೇಳುತ್ತಲೇ ಇರಲಿಲ್ಲ. ಪ್ರಶ್ನೆ ಕೇಳದಿದ್ದರೆ ಅಜ್ಜಿಯ ಉತ್ತರ ಅಜ್ಜಿಯೊಡನೆಯೇ ಹೋಗುತ್ತಿತ್ತು. ಯಂತ್ರ ಗೋಡೆಯ ಈ ಹೊತ್ತಿನ ಸ್ಥಿತಿಯನ್ನು ನೋಡುತ್ತದೆ. ಅದರ ಪೂರ್ವೋತ್ತರ ಮನೆಯವರ ಬಾಯಲ್ಲಿದೆ. ಚರಿತ್ರೆಯ ವಿದ್ಯಾರ್ಥಿಯಾದ ನನಗೆ ಇದು ಪರಿಚಿತವಾದ ಮಾತು. ಶಾಸನವಿದ್ದರೆ ಸಾಲದು, ಅದು ಯಾವ ಊರಿನ ಯಾವ ಕೆರೆಯ ಏರಿಯ ಮೇಲೆ ಸಿಕ್ಕಿತೆಂದೂ ತಿಳಿಯಬೇಕೆಂದು ನಮ್ಮ ಗುರುಗಳು ಹೇಳುತ್ತಿರುತ್ತಾರೆ.

ನನಗೆ ಭಯವಿರುವುದು ಬೇರೊಂದು ವಿಷಯದಲ್ಲಿ. ಇನ್ನು ಕೆಲವು ವರ್ಷಗಳಲ್ಲಿ ಬಿದ್ದ ಮನೆಯ ಶೇಕಡಾವನ್ನು ಯಂತ್ರವೇ ಹೇಳುವ ಕಾಲ ಬರಬಹುದು. ಕಣ್ಣಂದಾಜಿಗಿಂತ ಅದು ಒಳ್ಳೆಯದೇ. ಮುಖ ನೋಡಿ ಮಣೆ ಹಾಕುವುದು ಯಂತ್ರಕ್ಕೆ ತಿಳಿಯದು, ಫೋಟೋ ಕೂಡ ದಾಖಲೆಯಾಗಿ ಉಳಿಯುತ್ತದೆ. ಆದರೆ ಮನುಷ್ಯ ‘ಸಿ’ ಎಂದು ಬರೆದರೆ, “ಸ್ವಾಮೀ, ಇನ್ನೊಂದು ಸಲ ನೋಡಿ, ಆ ಮೂಲೆ ಜಗ್ಗಿದೆ” ಎಂದು ಅಂಗಲಾಚುವುದಕ್ಕಾದರೂ ಒಂದು ಮುಖವಿರುತ್ತದೆ. ಯಂತ್ರ ಇಪ್ಪತ್ತಮೂರು ಎಂದರೆ ಏಕೆ ಇಪ್ಪತ್ತೇಳಲ್ಲ ಎಂದು ಯಾರನ್ನು ಕೇಳಬೇಕು? ಆದ್ದರಿಂದ ಅಂಕಿಯನ್ನು ಕೊಡುವವರು ಅದರ ಕಾರಣವನ್ನೂ ಕನ್ನಡದಲ್ಲಿ ಬರೆದುಕೊಡಬೇಕು. ತೆಗೆದ ಫೋಟೋಗಳ ಒಂದು ಪ್ರತಿ ಮನೆಯವರ ಕೈಯಲ್ಲಿರಬೇಕು. ಮಳೆ ನಿಂತು ಗೋಡೆ ಒಣಗಿದ ಮೇಲೆ ಇನ್ನೊಮ್ಮೆ ಬಂದು ನೋಡಬೇಕು. ನಮ್ಮ ಮಣ್ಣಿನ ಗೋಡೆಗಳ ಚಿತ್ರಗಳನ್ನೂ ಯಂತ್ರಕ್ಕೆ ಪಾಠವಾಗಿ ಓದಿಸಬೇಕು. ಇವು ದೊಡ್ಡ ಬೇಡಿಕೆಗಳಲ್ಲ.

ಈ ಸಂಚಿಕೆಯನ್ನು ಓದುವ ಗೆಳೆಯ ಗೆಳತಿಯರಲ್ಲಿ ಹಲವರು ನಾಳೆ ಪಂಚಾಯತಿಗೋ ನಾಡಕಚೇರಿಗೋ ನೌಕರಿಗೆ ಸೇರುವವರು. ಮಳೆಗಾಲದ ಒಂದು ಬೆಳಿಗ್ಗೆ ಆ ಫೋನನ್ನು ಹಿಡಿದುಕೊಂಡು ಯಾವುದೋ ಹಳ್ಳಿಯ ಕೆಸರು ಬೀದಿಯಲ್ಲಿ ನಿಲ್ಲುವವರು ಅವರೇ. ಅವರಲ್ಲಿ ನನ್ನದೊಂದು ವಿನಂತಿ. ಫೋಟೋ ತೆಗೆಯಿರಿ, ಯಂತ್ರ ಹೇಳಿದ್ದನ್ನು ಬರೆದುಕೊಳ್ಳಿರಿ. ಆಮೇಲೆ ಚಪ್ಪಲಿ ಕಳಚಿ ಜಗಲಿಯ ಮೇಲೆ ಎರಡು ನಿಮಿಷ ಕುಳಿತು, ಆ ಮನೆಯ ಎಲ್ಲರಿಗಿಂತ ಹಿರಿಯರಾದವರನ್ನು ಕೇಳಿರಿ: “ಈ ಗೋಡೆ ಕಟ್ಟುವುದಕ್ಕೆ ಮೊದಲು ಇಲ್ಲಿ ಏನಿತ್ತಮ್ಮ?”